ಕೆರೆಯಂಗಳದ ಒಲೆಗಳು

ಸೋಲಾಪುರದ ನಮ್ಮ ನಲ್ಲಿ ನೀರು ಬಿಡುವ ಮೊದಲು ಬುಸುಗುಟ್ಟುತ್ತದೆ. ಅದರ ಹಿಂದೆಯೇ ಕೆಸರಿನ ವಾಸನೆ. ಈ ಬೆಳಿಗ್ಗೆ ಆ ವಾಸನೆಗೆ ಕೊಡ ಇಡುವುದನ್ನೂ ಮರೆತು ನಿಂತೆ. ನಿಮಗೂ ಹೀಗಾಗುವುದುಂಟಲ್ಲ, ಮೂಗು ನೆನಪಿಟ್ಟದ್ದನ್ನು ತಲೆ ಒಪ್ಪುವುದಿಲ್ಲ.

ಅಕ್ಕಲಕೋಟೆ ಯಾವ ರಾಜ್ಯಕ್ಕೆ ಸೇರಬೇಕೆಂದು ಜನ ಚಹಾದಂಗಡಿಯಲ್ಲಿ ಜಗಳವಾಡುತ್ತಿದ್ದ ಐವತ್ತರ ದಶಕ. ಪುಣೆಯಲ್ಲಿ ಓದು ಮುಗಿಸಿ, ಎಲ್ಲದಕ್ಕೂ ಪುರಾವೆ ಕೇಳುವ ಚಟ ಹಚ್ಚಿಕೊಂಡು, ಆ ಕಡೆಯ ಹಳ್ಳಿಯಲ್ಲಿದ್ದ ಅತ್ತೆಯ ಮನೆಗೆ ಬಂದಿದ್ದೆ. ಅತ್ತೆಯೆಂದರೆ ಅಪ್ಪನ ಅಕ್ಕ. ಹೊಲ ಅವಳದೇ, ಮಾತೂ ಅವಳದೇ. ಮನೆಯಲ್ಲಿ ಉಳಿದದ್ದು ಬಿತ್ತನೆಯ ಬಿಳಿಜೋಳ ಮಾತ್ರ. ಬಿತ್ತಿದ ಮೇಲೆ ಮಳೆ ಬಾರದಿದ್ದರೆ ತಿನ್ನಲೂ ಏನಿಲ್ಲ.

“ಏನಪಾ ಶಾಣ್ಯಾ, ಬಿತ್ತಲೋ, ಬೀಸಿ ತಿನ್ನಲೋ?”

“ಸರಾಸರಿ ಅಂತ ಒಂದು ಇರತೈತಿ ಅತ್ತಿ. ಇಷ್ಟ ವರ್ಷ ಕೈಕೊಟ್ಟ ಮ್ಯಾಲ ಈ ಸಲ ಮಳಿ ಬರಬೇಕು.”

“ಬರಬೇಕು ಅಂತ ಮಳಿಗಿ ಹೇಳಿಯೇನು? ನಡಿ, ಕೆರಿ ನೋಡಿ ಬರೂಣು.”

ಬತ್ತುತ್ತಿದ್ದ ಕೆರೆಯ ಇಳಿಜಾರಿನಲ್ಲಿ ಮೂರು ಕಲ್ಲಿನ ಒಲೆಗಳು, ಸಾಲುಸಾಲಾಗಿ. ಬರಗಾಲದಲ್ಲಿ ಊರವರು ನೀರಿನಂಚಿಗೇ ಬಂದು ಬೇಯಿಸಿಕೊಳ್ಳುತ್ತಿದ್ದರಂತೆ. ಎದ್ದು ಹೋಗುವಾಗ ಒಲೆ ಕೆಡವಬಾರದು. ನೀರು ಎಲ್ಲಿಯವರೆಗೆ ಹಿಂದೆ ಸರಿದಿತ್ತೋ ಅಲ್ಲಿಗೆ ಆ ಬರದ ಸಾಲು. ಮಳೆಯ ಚರಿತ್ರೆಯೇ ಮಸಿಗಲ್ಲುಗಳಲ್ಲಿ ಬಿದ್ದಿದೆಯಲ್ಲ ಎಂದು ನನಗೆ ಖುಷಿಯೇ ಆಯಿತು. ಅತ್ತೆ ಇಳಿಯುತ್ತ ತೋರಿಸಿದಳು: “ಇದು ನಾ ಸಣ್ಣಾಕಿ ಇದ್ದಾಗಿಂದು. ಇದು ನಮ್ಮವ್ವನ ಕಾಲದ್ದು. ಇದು ನಮ್ಮ ಆಯಿದು, ಅವ್ವನ ಅವ್ವಂದು, ಎಲ್ಲಾಕ್ಕಿಂತ ದೊಡ್ಡ ಬರ. ಇದರ ಕೆಳಗ ಏನೂ ಇಲ್ಲ.”

ನೀರು ಅದಕ್ಕಿಂತಲೂ ಕೆಳಗೆ ಸರಿದಿತ್ತು. ಮಟಮಟ ಮಧ್ಯಾಹ್ನ, ಒಂದು ಹಕ್ಕಿಯ ದನಿಯೂ ಇಲ್ಲ. ನೀರಿನಂಚಿನಲ್ಲಿ, ಅರ್ಧ ಕೆಸರಿನೊಳಗೆ, ಇನ್ನೂ ಒಂದು ಸಾಲು ಒಲೆಗಳು.

“ಇವು ಯಾರವು ಅತ್ತಿ?”

ಅವಳು ಬಾಗಿ ಒಂದು ಕಲ್ಲು ಮುಟ್ಟಿದಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಯಾರೂ ಹೇಳಿಲ್ಲಲ್ಲೋ. ನಮ್ಮ ಆಯಿಗೂ ಯಾರೂ ಹೇಳಿರಲಿಲ್ಲ. ನಡಿ, ಹಿಂದ ನೋಡಬ್ಯಾಡ.”

ನಾನು ನೋಡಿದೆ. ಒಲೆಗಳ ಬಾಯಿಗಳೆಲ್ಲ ನಮ್ಮ ಕಡೆಗಿದ್ದವು. ಮೊದಲೂ ಹಾಗೇ ಇದ್ದಿರಬೇಕು, ಕಲ್ಲು ತಿರುಗುವುದಿಲ್ಲ.

ಅತ್ತೆ ಬಿತ್ತಲಿಲ್ಲ. ಮಳೆಯೂ ಬರಲಿಲ್ಲ. ಬೀಜದ ಜೋಳ ತಿಂದು ಮನೆ ಉಳಿಯಿತು.

ಕೆರೆ ಮತ್ತೆ ಅಷ್ಟು ಇಳಿದಿಲ್ಲವಂತೆ. ಆ ಕೊನೆಯ ಸಾಲನ್ನು ಕಂಡವರು ಊರಲ್ಲಿ ಯಾರೂ ಇಲ್ಲ, ಅತ್ತೆಯೂ ಈಗಿಲ್ಲ. ಬಿಸಿಲಿಗೆ ತಲೆ ತಿರುಗಿ ಒಂದು ಸಾಲು ಹೆಚ್ಚಿಗೆ ಕಂಡಿತೇನೋ, ಹೇಳಲಾರೆ.

ಇವತ್ತು ಪಕ್ಕದ ಮನೆಯವರು ಆಕಾಶ ನೋಡುತ್ತ, “ಇಂಥಾ ಬರ ಹಿಂದ ಯಾವತ್ತೂ ಬಿದ್ದಿಲ್ಲ ಬಿಡ್ರಿ” ಎಂದರು.

“ಬಿದ್ದಿದ್ರ, ಹೇಳಾಕ ಯಾರು ಉಳಿದಿರತಾರ್ರೀ?” ಎಂದೆ.

ಅವರು ನಗಲು ಹೊರಟವರು, ನನ್ನ ಮುಖ ನೋಡಿ, ತಮ್ಮ ನಲ್ಲಿಯ ಕೆಳಗೆ ಇನ್ನೊಂದು ಕೊಡ ತಂದಿಟ್ಟರು.