ಮೈದಾನ ಉಳಿಸಿದ ಅಳತೆ ಪುಸ್ತಕ

ಶನಿವಾರ, ಬೆಳಗಿನ ಐದೂವರೆ. ಅಮೆರಿಕದ ಎಮರಿವಿಲ್ ಪಕ್ಕದ ಸಣ್ಣ ಊರಿನ ಪಾರ್ಕು. ಐವತ್ತಾರರ ಹನುಮಂತರಾಜು ಎರಡು ಗೂಟ ಹೊಡೆದು, ಅವಕ್ಕೆ ಕಟ್ಟಿದ ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡು, ಸುಣ್ಣದ ಪುಡಿ ಬಿಡುತ್ತ ಸುತ್ತು ಬರುತ್ತಾರೆ. ಬಿಸಿಲೇರುವಷ್ಟರಲ್ಲಿ ಏಳೂವರೆ ಚೈನು ಉದ್ದ, ಆರು ಚೈನು ಅಗಲದ ಮೊಟ್ಟೆಯಾಕಾರದ ಮೈದಾನ ಸಿದ್ಧ. ಚೈನೆಂದರೆ ಸರ್ವೆಯವರ ಅಳತೆ ಸರಪಳಿ, ಅರವತ್ತಾರು ಅಡಿ. ಕೈಯಲ್ಲೂ ಕಾಲಲ್ಲೂ ಆಡುವ ಆಸ್ಟ್ರೇಲಿಯನ್ ಫುಟ್‌ಬಾಲಿಗೆ ಇಂಥದೇ ಬೇಕು. ವಾರವಿಡೀ ಬೇಸ್‌ಬಾಲ್ ಮಕ್ಕಳು ತುಳಿದು ಅಳಿಸುತ್ತಾರೆ. ಶನಿವಾರ ಮತ್ತೆ ಮೊದಲಿಂದ.

ರಾಮನಗರದ ಕಡೆ ಸರ್ವೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ದಿನಗೂಲಿಗೆ ಚೈನು ಎಳೆದವರು. ಇಡೀ ತಾಲ್ಲೂಕಿನ ಗಡಿ ಗುರುತಿಸಿದ ಮನುಷ್ಯನಿಗೆ ಸರ್ಕಾರ ಒಂದು ಖಾಯಂ ಹುದ್ದೆ ಗುರುತಿಸಲಿಲ್ಲ. ತಂಗಿ ಹಾಕಿದ ಅರ್ಜಿಗೆ ಗ್ರೀನ್ ಕಾರ್ಡು ಬಂತು. ಇಲ್ಲಿ ಡಾಟ್‌ಕಾಮ್ ಆಫೀಸೊಂದರಲ್ಲಿ ದಿನಕ್ಕೆ ನಾಲ್ಕು ಮಹಡಿ ಗುಡಿಸಿ, ಇನ್ನೂರ ಹತ್ತು ಕಸದ ಬುಟ್ಟಿ ಎತ್ತಿದರು.

ಅದೇ ಆಫೀಸಿನ ಪ್ರೋಗ್ರಾಮರ್ ಗ್ಲೆನ್, ಆಸ್ಟ್ರೇಲಿಯದ ಹಳ್ಳಿಗಾಡಿನವ, ೧೯೯೮ರ ಏಪ್ರಿಲ್‌ನಲ್ಲಿ ಹನ್ನೊಂದು ಜನರನ್ನು ಕೂಡಿಸಿ ‘ಹೆರಾನ್ಸ್’ ಕ್ಲಬ್ಬು ಕಟ್ಟಿದ. ಪಾರ್ಕಿನೆದುರೇ ರಾಜು ಇದ್ದ ತಂಗಿಯ ಅಪಾರ್ಟ್‌ಮೆಂಟು. ಗ್ಲೆನ್ ಎಳೆದ ಗೆರೆ ಕಂಡು ರಾಜು ಇಳಿದು ಬಂದರು. “ಗೆಣಸು ಇದ್ದಂಗಿತ್ತು ಸಾರ್. ಹಗ್ಗ ಈ ಕಡೆ ಕೊಡಪ್ಪ ಅಂದೆ. ಕನ್ನಡದಲ್ಲೇ ಅಂದೆ, ಕೊಟ್ಟ.”

ಅಂದಿನಿಂದ ಪ್ರತಿ ಶನಿವಾರದ ಅಳತೆಯೂ ತಾರೀಕಿನ ಸಮೇತ ಅವರ ಪುಸ್ತಕದಲ್ಲಿದೆ. “ತಪ್ಪಾದ್ರೆ ಅಳಿಸೋ ಹಂಗಿಲ್ಲ. ಅಡ್ಡ ಒಂದು ಗೆರೆ, ಪಕ್ಕದಲ್ಲಿ ಸರಿ ಅಳ್ತೆ, ಕೆಳಗೆ ಸೈನು. ನಮ್ಮ ಇಲಾಖೇಲಿ ಅಳಿಸ್ದೋನ್ನ ಕಳ್ಳ ಅಂತಿದ್ರು.”

ಈ ವರ್ಷ, ೨೦೦೧ರ ಮಾರ್ಚ್‌ನಲ್ಲಿ ಕಂಪನಿ ಮುಳುಗಿತು. ಗ್ಲೆನ್‌ಗೂ ಕೆಲಸ ಹೋಯಿತು, ರಾಜುಗೂ ಹೋಯಿತು. ಕ್ಲಬ್ಬಿನ ಚರಿತ್ರೆಯೆಲ್ಲ ಇದ್ದ ಸರ್ವರು ಕುರ್ಚಿ ಮೇಜುಗಳ ಜೊತೆ ಹರಾಜಾಯಿತು. ಆಗಲೇ ನಗರಸಭೆ ಪಾರ್ಕನ್ನು ಇನ್ನೊಂದು ಕಂಪನಿಯ ಕಾರು ನಿಲ್ಲಿಸಲು ಕೊಡಹೊರಟಿತು. ಮೂರು ಸೀಸನ್ ಬಿಡದೆ ಆಡಿದ್ದಕ್ಕೆ ದಾಖಲೆ ತೋರಿಸಿದರೆ ಮಾತ್ರ ಮೈದಾನ ಕ್ಲಬ್ಬಿಗೆ. ಜಗತ್ತನ್ನೇ ಬದಲಿಸುತ್ತೇವೆಂದು ಹೊರಟವರ ಬಳಿ ಒಂದು ತಾರೀಕೂ ಉಳಿದಿರಲಿಲ್ಲ. ಕಸ ಗುಡಿಸಿದವನ ಬಳಿ ಎಪ್ಪತ್ತೆಂಟು ಇದ್ದವು.

ಕಳೆದ ಗುರುವಾರ ನಗರಸಭೆಯ ವಿಚಾರಣೆಯಲ್ಲಿ ತಂಗಿಯ ಮಗಳು ತೇಜಸ್ವಿನಿ ಪುಸ್ತಕವನ್ನು ಇಂಗ್ಲಿಷಿಗೆ ತಿರುಗಿಸಿ ಓದಿದಳು. ಇದನ್ನು ಮೊನ್ನೆ ಕೂತು ಬರೆದದ್ದಲ್ಲವೆಂದು ಹೇಗೆ ನಂಬಲಿ ಎಂದ ಅಧಿಕಾರಿ. ಆಗ ಆ ಪುಟ ಬಂತು: ೧೯೯೯ರ ಜೂನ್ ೧೨, ‘ಉತ್ತರದ ಗೋಲು ಆರು ಅಡಿ ಓರೆ. ಆಟ ಮುಗಿದ ಮೇಲೆ ಕಂಡಿತು. ನನ್ನ ತಪ್ಪು.’ ಹೆರಾನ್ಸ್ ಒಂದೇ ಪಾಯಿಂಟಿನಲ್ಲಿ ಗೆದ್ದ ಮ್ಯಾಚು ಅದು. ಗ್ಲೆನ್ ತಲೆ ಮೇಲೆ ಕೈಯಿಟ್ಟುಕೊಂಡ.

“ಮಾವ, ಇದನ್ನ ಸ್ಕಿಪ್ ಮಾಡ್ಲಾ ಅಂದೆ,” ಎನ್ನುತ್ತಾಳೆ ತೇಜಸ್ವಿನಿ. “‘ಓದಮ್ಮ, ಅದಕ್ಕೂ ನಂದೇ ಸೈನು’ ಅಂದ್ಬಿಟ್ರು.”

ಅಂಥ ಹತ್ತೊಂಬತ್ತು ತಪ್ಪುಗಳಿದ್ದವು. ಸುಳ್ಳು ದಾಖಲೆ ಮಾಡುವವನು ತನ್ನ ತಪ್ಪುಗಳನ್ನು ಬರೆದಿಡುವುದಿಲ್ಲ ಎಂದು ಅಧಿಕಾರಿ ಪರ್ಮಿಟ್ಟಿಗೆ ಸಹಿ ಹಾಕಿದ. ಪರ್ಮಿಟ್ಟಿನಲ್ಲಿ ಕ್ಲಬ್ಬಿನ ಹೆಸರಿದೆ, ಗ್ಲೆನ್ ಹೆಸರಿದೆ. ರಾಜು ಹೆಸರಿಲ್ಲ. ತಂಡದ ಫೋಟೋಗಳಲ್ಲೂ ಇವರಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಇವರು ಆ ಕಡೆ ಗೂಟ ಕೀಳುತ್ತಿರುತ್ತಾರೆ.

ಪುಸ್ತಕವನ್ನು ನಗರಸಭೆ ಫೈಲಿಗೆ ಸೇರಿಸಿಕೊಂಡು ಜೆರಾಕ್ಸ್ ಕೊಟ್ಟಿದೆ. ಏನು ಬೇಕು ನಿಮಗೆ ಎಂದು ಕೇಳಿದರೆ, ರಾಜು ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

“ನನ್ನ ಪುಸ್ತಕ ವಾಪಸ್ ಕೊಟ್ರೆ ಸಾಕು ಸಾರ್. ಇವತ್ತು ದಕ್ಷಿಣದ ಕಡೆ ಅರ್ಧ ಅಡಿ ಜಾಸ್ತಿ ಹೋಗ್ಬಿಟ್ಟದೆ. ಬರೀಬೇಕಲ್ಲ.”