ಒಂದು ತೊಟ್ಟೂ ಬೀಳದಂತೆ

ಆ ಬೀದಿಯ ದರ್ಜಿಯನ್ನು ಜನ ಎದುರಿಗೆ ಮಾಸ್ಟರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಪುಕ್ಕಲ ಮಾಸ್ಟರ್. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಗ್ಗ ಕಂಡರೆ ಹಾವೆನ್ನುವವರಿದ್ದಾರೆ; ಈತ ದಾರದುಂಡೆ ಉರುಳಿದರೂ ಎರಡು ಹೆಜ್ಜೆ ಹಿಂದೆ ಸರಿಯುವ ಪೈಕಿ. ಲಿಫ್ಟ್ ಎಂದರೆ ಭಯ, ನಾಯಿ ಎಂದರೆ ಭಯ, ರಿಜಿಸ್ಟರ್ಡ್ ಪತ್ರ ಬಂದರೆ ಒಡೆಯುವ ಮೊದಲೇ ಬೆವರು. ಎಲ್ಲಕ್ಕಿಂತ ದೊಡ್ಡ ಭಯ ಕಲೆಯದು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿರುವುದೆಲ್ಲ ಕಂಡವರ ಬಟ್ಟೆ. ಬಿಳಿ ಬಟ್ಟೆಯ ಮೇಲೆ ಎಣ್ಣೆ ಬಿದ್ದರೆ ಅದನ್ನು ಯಾವ ದೇವರೂ ತೆಗೆಯಲಾರ ಎಂದು ಅವನು ನಂಬಿದ್ದ.

ಇಂಥವನ ಮನೆಯಲ್ಲಿ ಒಂದು ಮೋಟಾರ್ ಸೈಕಲ್ ಇತ್ತು. ಓಡಿಸುವವಳು ಹೆಂಡತಿ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ನಿಮಗೆ ಭಯ ಆಗೋಲ್ವಾ ಎಂದು ಯಾರಾದರೂ ಕೇಳಿದರೆ, "ಆ ಖಾತೆ ನಮ್ಮನೆಯವರದು" ಎನ್ನುತ್ತಿದ್ದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಕೆಲಸ ಹಾಗೆಯೇ ಹಂಚಿಹೋಗಿತ್ತು: ಓಡಿಸುವುದು ಅವಳು, ಹೆದರುವುದು ಇವನು. ಬೆಳಿಗ್ಗೆ ಅವಳು ಹೊರಟು, ತಲುಪಿದೆ ಎಂದು ಫೋನ್ ಮಾಡುವವರೆಗೆ ಇವನು ಕತ್ತರಿ ಮುಟ್ಟುತ್ತಿರಲಿಲ್ಲ. ಗಾಡಿ ಓಡಿಸುವಾಗ ಫೋನ್ ಎತ್ತಕೂಡದು ಎಂಬ ಕಾನೂನನ್ನು ಮಾಡಿದವನೂ ಇವನೇ.

ಎಂಜಿನ್ ಆಯಿಲ್ ಬದಲಿಸುವುದನ್ನು ಇವನು ಕಲಿತದ್ದೂ ಭಯದಿಂದಲೇ. ಗ್ಯಾರೇಜಿನವರು ಅವಸರದ ಜನ, ಅವರು ಬೋಲ್ಟ್ ಬಿಗಿಯುವುದನ್ನು ಮರೆತರೆ ತನ್ನ ಗತಿಯೇನು? ಹಾಗಾಗಿ ಮೂರು ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಸಮಾರಂಭ. ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಬೆಡ್‌ಶೀಟ್, ಅದರ ಮೇಲೆ ನಾಲ್ಕು ಪದರ ಪೇಪರ್, ಅದರ ಮೇಲೆ ಅಗಲ ಬಾಯಿಯ ಟ್ರೇ. ಎಣ್ಣೆ ತೆಳುವಾಗಲೆಂದು ಎರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದು. ಕೈಗೆ ಗ್ಲೌಸು, ಎದೆಗೆ ಏಪ್ರನ್ನು.

"ಆಪರೇಷನ್ ಥಿಯೇಟರಲ್ಲೂ ಇಷ್ಟು ಮಡಿ ಇರಲ್ಲ ಕಣ್ರೀ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ನಗು ನಗು. ನೆಲದ ಮೇಲೆ ಒಂದು ತೊಟ್ಟು ತೋರಿಸು, ಆಮೇಲೆ ಮಾತಾಡು."

ತೋರಿಸಲು ಅವಳಿಗೆ ಒಮ್ಮೆಯೂ ಆಗಿರಲಿಲ್ಲ.

ಆ ಭಾನುವಾರವೂ ಎಲ್ಲ ಕ್ರಮವಾಗಿಯೇ ನಡೆಯಿತು. ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದ, ಕಪ್ಪು ಎಣ್ಣೆ ಟ್ರೇಗೆ ಇಳಿಯಿತು. ಬೋಲ್ಟಿಗೂ ಎಂಜಿನ್ನಿಗೂ ನಡುವೆ ಒಂದು ತಾಮ್ರದ ವಾಷರ್ ಕೂರುತ್ತದೆ, ಬೆರಳಿನ ಉಂಗುರದಷ್ಟು. ಎಣ್ಣೆಯನ್ನು ಹಿಡಿದಿಡುವುದು ಅದೇ. ಎರಡನ್ನೂ ಒರೆಸಿ, ಕಳೆಯದಿರಲಿ ಎಂದು ತನ್ನ ಗುಂಡುಸೂಜಿಯ ಬಟ್ಟಲಿಗೆ ಹಾಕಿದ. ಆ ಬಟ್ಟಲಿನ ತಳದಲ್ಲಿ ಅಯಸ್ಕಾಂತವಿದೆ. ದಿನಕ್ಕೆ ಹತ್ತು ಸಲ ಅದನ್ನು ಬೋರಲು ಹಾಕಿ ಕೊಡವುವುದು ಅವನ ಅಭ್ಯಾಸ. ದಾರದ ಚೂರು, ದೂಳು ಉದುರುತ್ತವೆ, ಸೂಜಿಗಳು ಅಂಟಿಕೊಂಡೇ ಇರುತ್ತವೆ.

ಯಾರಾದರೂ ಎಡವಿಯಾರು ಎಂದು ಬಟ್ಟಲನ್ನು ಒಳಗೆ ಒಯ್ದ. ಅದರಲ್ಲಿ ಒಂದೆಳೆ ದಾರ ಕಂಡಿತು. ಕೈ ತನ್ನಷ್ಟಕ್ಕೇ ಬಟ್ಟಲನ್ನು ಮಗುಚಿ, ಮೇಜಿನ ಮೇಲಿದ್ದ ಚಿಂದಿ ಬಟ್ಟೆಯ ರಾಶಿಯತ್ತ ಕೊಡವಿತು. ಅಷ್ಟರಲ್ಲಿ ಹೊರಗೆ ಟ್ರೇಯ ಅಂಚಿನಲ್ಲಿ ಎಣ್ಣೆಯ ಒಂದು ಹನಿ ತೂಗುತ್ತಿದ್ದುದು ಕಂಡು ಪ್ರಾಣವೇ ಹೋದಂತಾಗಿ ಓಡಿದ. ಹನಿಯನ್ನು ಬಟ್ಟೆಯಿಂದ ಹಿಡಿದ. ಬೋಲ್ಟ್ ತಂದು ಬಿಗಿದ. ಹೊಸ ಎಣ್ಣೆ ಸುರಿದ, ಮಟ್ಟ ನೋಡಿದ, ಕಲ್ಲುಹಾಸನ್ನು ಮೂರು ಸಲ ಒರೆಸಿದ. ಬೆಳಗಿನವರೆಗೆ ಗಾಡಿಯ ಕೆಳಗೆ ಬಿಳಿ ಪೇಪರ್ ಹಾಸಿಟ್ಟಿದ್ದ. ಸೋಮವಾರ ನೋಡಿದರೆ ಪೇಪರ್ ಹಾಲಿನಷ್ಟು ಬಿಳಿ. ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಹೊರಟಳು, ಇವನು ಬೀಗಿದ.

ಫೋನಿಗಾಗಿ ಕಾಯುತ್ತ, ಸುಮ್ಮನೆ ಕೂರಲಾರದೆ ಚಿಂದಿಯ ರಾಶಿಯನ್ನು ಎತ್ತಿ ಒದರಿದ. ಟಿಣ್ ಎಂದಿತು. ತಾಮ್ರದ ವಾಷರ್ ನೆಲದ ಮೇಲೆ ಒಂದು ಸುತ್ತು ಹಾಕಿ ಅವನ ಕಾಲ ಬಳಿ ಮಲಗಿತು.

ತಾಮ್ರ. ಅಯಸ್ಕಾಂತಕ್ಕೆ ಅಂಟದು.

ತಣ್ಣಗಿದ್ದಾಗ ಎಣ್ಣೆ ಗಟ್ಟಿ, ಬೋಲ್ಟಿನ ಸಂದಿಯಲ್ಲಿ ಇಳಿಯದು. ಎಂಜಿನ್ ಕಾದರೆ ನೀರಿನಷ್ಟು ತೆಳು. ಸೋರಿದ್ದು ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಆಸ್ಪತ್ರೆಯ ದಾರಿಯಲ್ಲಿ ಇಳಿಜಾರು, ಇಳಿಜಾರಿನ ಕೊನೆಗೆ ತಿರುವು. ಫೋನ್ ಮಾಡಿದ. ಅದು ಬಡಿದುಕೊಂಡಿತು, ಅವಳು ಎತ್ತಲಿಲ್ಲ. ಎತ್ತುವುದಾದರೂ ಹೇಗೆ, ತನ್ನದೇ ಕಾನೂನು. ಮತ್ತೆ ಮಾಡಿದ, ಮತ್ತೆ ಅದೇ.

ಕೊರಳಲ್ಲಿ ಅಳತೆಯ ಟೇಪು, ಬರಿಗಾಲು, ಮುಷ್ಟಿಯಲ್ಲಿ ವಾಷರ್. ಬಾಗಿಲು ಹಾಕುವುದನ್ನೂ ಮರೆತು ಓಡಿದ. ಪಕ್ಕದ ಮನೆಯ ಅಜ್ಜಿ "ಏನಾಯ್ತು ಮಾಸ್ಟ್ರೇ, ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದು ಕೇಳಿದಳು. ಅಷ್ಟರಲ್ಲಿ ಅವನು ನಾಲ್ಕು ಮನೆ ದಾಟಿದ್ದ.

ಬೀದಿಯ ಕೊನೆಯವರೆಗೆ ರಸ್ತೆ ಒಣಗಿತ್ತು. ಔಷಧಿ ಅಂಗಡಿಯ ಮುಂದೆಯೂ ಏನಿರಲಿಲ್ಲ. ದೇವರೇ, ಬಿಗಿದದ್ದೇ ಸಾಕಾಗಿರಲಿ, ವಾಷರ್ ಇಲ್ಲದಿದ್ದರೂ ನಡೆಯಲಿ ಎಂದುಕೊಂಡು ದೊಡ್ಡ ರಸ್ತೆಗೆ ಬಂದ. ಅಲ್ಲಿ ಸಿಗ್ನಲ್ಲಿನ ಬಿಳಿ ಗೆರೆಯ ಮೇಲೆ ಮೊದಲ ತೊಟ್ಟು ಕಂಡಿತು. ಜೇನಿನ ಬಣ್ಣದ ಹೊಸ ಎಣ್ಣೆ, ನಿನ್ನೆ ತಾನೇ ಸುರಿದದ್ದು. ಆಚೆಗೆ ಇನ್ನೊಂದು. ಹತ್ತು ಹೆಜ್ಜೆಗೊಂದಿದ್ದದ್ದು ಐದು ಹೆಜ್ಜೆಗೊಂದಾಯಿತು, ಆಮೇಲೆ ಹೆಜ್ಜೆಗೊಂದಾಯಿತು. ವಾಹನಗಳು ಹಾರ್ನ್ ಹೊಡೆದವು. ವಾಹನಗಳಿಗೆ ಅಂಜಿ ಎಂದೂ ರಸ್ತೆ ಒಬ್ಬನೇ ದಾಟದವನು ನೆಲ ನೋಡಿಕೊಂಡೇ ನಡುಮಧ್ಯೆ ಓಡುತ್ತಿದ್ದ.

ಇಳಿಜಾರಿನ ಅರ್ಧದಲ್ಲಿ ತೊಟ್ಟುಗಳು ನಿಂತು, ಒಂದು ಉದ್ದನೆಯ ಗೀರು ಶುರುವಾಯಿತು. ಚಕ್ರ ಅಡ್ಡಕ್ಕೆ ಜಾರಿದ ಗುರುತು. ಅದು ತಿರುವಿನತ್ತ ಹೋಗಿ ಗೋಡೆಯ ಮರೆಗೆ ಇಳಿದಿತ್ತು. ತಿರುವಿನಾಚೆ ನಾಲ್ಕೈದು ಜನ ನಿಂತಿದ್ದು ಗೋಡೆಯ ಮೇಲಿಂದ ಅವರ ತಲೆಗಳಷ್ಟೇ ಕಂಡವು. ಎಲ್ಲ ತಲೆಗಳೂ ಕೆಳಗೆ ಬಾಗಿದ್ದವು.

ಅವನು ಗೋಡೆ ಹಿಡಿದು ನಿಂತ. ಈ ಗೋಡೆ ದಾಟದಿದ್ದರೆ ಇನ್ನೂ ಏನೂ ಆಗಿಲ್ಲ, ಅವಳಿನ್ನೂ ಇದ್ದಾಳೆ ಎಂದು ಹುಚ್ಚು ಮನಸ್ಸು ಹೇಳಿತು. ಬದುಕಿಡೀ ಸುಳ್ಳುಸುಳ್ಳೇ ಹೆದರಿದ್ದೇನೆ, ಭಯ ಎಂದರೆ ಇದು ಎಂದು ಆಗ ಗೊತ್ತಾಯಿತು. ಎಷ್ಟು ಹೊತ್ತು ನಿಂತನೋ. ಆಮೇಲೆ ಗೋಡೆ ಬಿಟ್ಟು ನಡೆದ.

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಗಾಡಿ ಪಕ್ಕದಲ್ಲಿ ನಿಂತಿತ್ತು. ಎಂಜಿನ್ನಿನ ಕೆಳಗೆ ಅವಳ ಊಟದ ಡಬ್ಬಿ ಇಟ್ಟಿತ್ತು, ತೊಟ್ಟುಗಳು ಅದರೊಳಗೆ ಬೀಳುತ್ತಿದ್ದವು. ಜನ ಬಗ್ಗಿ ನೋಡುತ್ತಿದ್ದದ್ದು ಅದನ್ನೇ.

"ಏನೂ ಆಗಿಲ್ಲ ಕಣ್ರೀ, ಬೀಳ್ಲಿಲ್ಲ" ಎಂದಳು ಅವನನ್ನು ಕಂಡ ಕೂಡಲೇ. "ಹಿಂದೆ ಬರೋರು ಯಾರಾದ್ರೂ ಜಾರ್ತಾರೆ ಅಂತ ಡಬ್ಬಿ ಇಟ್ಟೆ. ಫೋನ್ ಬ್ಯಾಗಲ್ಲಿತ್ತು, ಈಗ ತಾನೇ ನೋಡ್ದೆ. ನೀವ್ಯಾಕೆ ಬರಿಗಾಲಲ್ಲಿ ಬಂದ್ರಿ?"

ಅವನು ಮುಷ್ಟಿ ಬಿಚ್ಚಿ ವಾಷರ್ ತೋರಿಸಿದ. ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು.

"ನನ್ನಿಂದಾನೇ ಆಗಿದ್ದು. ನಾನೇ ಹಾಕಿಲ್ಲ ಇದನ್ನ. ಮರ್ತೆ" ಎಂದು ಅವಳ ಪಕ್ಕ ಕುಸಿದ.

ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ. ತಿರುಗಿ ನೋಡಿದರೆ, ಸಾವಿರ ಹೆರಿಗೆ ಮಾಡಿಸಿದ ಆ ಕೈಗಳು ಮಡಿಲಲ್ಲಿ ಗಡಗಡ ನಡುಗುತ್ತಿದ್ದವು.

"ಹೆದರ್ಕೊಂಡ್ಯಾ?" ಎಂದು ಕೇಳಿದ. ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನು ಅವಳಿಗೆ ಕೇಳಿರಲೇ ಇಲ್ಲ.

"ಚಕ್ರ ಜಾರ್ತಲ್ಲ, ಆಗ ಒಂದೇ ಒಂದು ತಲೇಗೆ ಬಂತು" ಎಂದಳು ಅವಳು. "ನಿನ್ನೆ ಆಯಿಲ್ ಬದಲಾಯಿಸಿದ್ದು ಇವರು. ಈಗ ನಂಗೇನಾದ್ರೂ ಆದ್ರೆ, ಈ ಮನುಷ್ಯ ಅದನ್ನ ಇಟ್ಕೊಂಡು ಹೆಂಗೆ ಬದುಕ್ತಾರೆ ಅಂತ. ಅದಕ್ಕೇ ಬ್ರೇಕ್ ಮುಟ್ಟದೆ ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಂಡೆ."