ಅತ್ತೆಮನೆಯ ಪಿಸುಮಾತು

ಕಲೈವಾಣಿ ಹಿತ್ತಿಲ ಬಾಗಿಲಿಗೆ ಬರುತ್ತಿದ್ದಂತೆ ಮಾತು ಗಕ್ಕನೆ ನಿಂತಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಅತ್ತೆ ರಂಗನಾಯಕಿ ಅವಸರದಲ್ಲಿ ಸೆರಗು ಎಳೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಗಂಡನ ಅಕ್ಕ ಪುಷ್ಪಾ ಮುಖಕ್ಕೆ ನಗು ತಂದುಕೊಂಡು, ಕನ್ನಡ ಬಿಟ್ಟು ತಮಿಳಿಗೆ ಹೊರಳಿ, "ಸಾಪ್ಟಿಯಾ ಕಲೈ?" ಎಂದಳು. ಊಟ ಆಯಿತೆಂದು ತಲೆಯಾಡಿಸಿ ಕಲೈವಾಣಿ ಕೊಡ ತುಂಬಿಕೊಂಡು ಒಳಗೆ ಬಂದಳು. ಇವರು ಮಾತಾಡುತ್ತಿರುವುದು ನನ್ನ ವಿಷಯವೇ, ನನಗೆ ತಿಳಿಯದಂತೆ ಏನೋ ನಡೆಯುತ್ತಿದೆ ಎಂಬ ಹೆದರಿಕೆ ಕೆಲವು ವಾರಗಳಿಂದ ಅವಳನ್ನು ಹಿಡಿದಿತ್ತು.

ಅವಳು ಧರ್ಮಪುರಿಯ ಹುಡುಗಿ. ತಂದೆಗೆ ಅಲ್ಲಿನ ಬಸ್ ಸ್ಟ್ಯಾಂಡಿನ ಬಳಿ ಟೀ ಅಂಗಡಿ; ಮನೆಯಲ್ಲಿ ತಮಿಳಲ್ಲದೆ ಬೇರೆ ಮಾತಿಲ್ಲ. ಸೇಲಂನ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ, ಅಲ್ಲೇ ಬಿಲ್ ಹಾಕುತ್ತಿದ್ದ ಅಶ್ವತ್ಥ್‌ನ ಪರಿಚಯವಾಯಿತು. ಎರಡೂ ಮನೆಯವರು ಮುನಿಸಿಕೊಂಡು, ಕೊನೆಗೆ ಒಲ್ಲದ ಮನಸ್ಸಿನಿಂದ ಒಪ್ಪಿ, ಮದುವೆಯೂ ಆಯಿತು. ಗುಗೈ ಕಡೆಯ ನೇಕಾರರ ಬೀದಿಯಲ್ಲಿ ಅಶ್ವತ್ಥ್‌ನದು ಕನ್ನಡದ ಮನೆ. ಮಾವ ತೀರಿಕೊಂಡ ಮೇಲೂ ರಂಗನಾಯಕಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ರೇಷ್ಮೆ ಪಂಚೆ ನೇಯುವುದನ್ನು ಬಿಟ್ಟಿರಲಿಲ್ಲ.

ಮದುವೆಯ ಹಿಂದಿನ ದಿನ ಕಲೈವಾಣಿಯ ತಾಯಿ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: ಅವರು ನಿನ್ನೆದುರಿಗೇ ನಿನ್ನನ್ನು ಆಡಿಕೊಂಡರೂ ನಿನಗೆ ಗೊತ್ತಾಗುವುದಿಲ್ಲ, ಹುಷಾರಾಗಿರು. ಬಂದು ನೋಡಿದರೆ ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಎಲ್ಲರಿಗೂ ತಮಿಳು ನೀರು ಕುಡಿದಷ್ಟು ಸಲೀಸು. ಅವಳು ಕೋಣೆಗೆ ಬಂದ ಕೂಡಲೇ ಮನೆಮಂದಿಯೆಲ್ಲ ತಮಿಳಿಗೆ ಬದಲಾಗುತ್ತಿದ್ದರು. ಅದು ಅವರ ಸೌಜನ್ಯ. ಆದರೆ ಅದರಿಂದಲೇ ಅವಳಿಗೆ ಕನ್ನಡ ಬರಲಿಲ್ಲ. ಅವಳಿಲ್ಲದಾಗ ಆಡುವ ಮಾತು ಕನ್ನಡ, ಅವಳಿಗೆ ಹೇಳಬಾರದ್ದು ಕನ್ನಡ ಎಂದಾಯಿತು.

ಕಲಿತೇ ತೀರುತ್ತೇನೆಂದು ಮೊಬೈಲಿನಲ್ಲಿ ಪಾಠಗಳನ್ನು ನೋಡಿದಳು. ಬಣ್ಣಗಳ ಹೆಸರು, ಅಂಕಿಗಳು, 'ನೀವು ಹೇಗಿದ್ದೀರಿ'. ಬಾಯಿಪಾಠ ಮಾಡಿದ್ದು ಅಡುಗೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಪುಷ್ಪಾಳನ್ನು 'ನೀವು ಹೇಗಿದ್ದೀರಿ' ಎಂದೇ ಕೇಳಿದಳು. ಪುಷ್ಪಾ ಗೊಳ್ಳನೆ ನಕ್ಕು, "ನಾವು ಇಂಗೆಲ್ಲಾ ಮಾತಾಡಕಿಲ್ಲ ಕಣೇ, ಟೀವಿ ನ್ಯೂಸ್ ಇದ್ದಂಗೈತೆ!" ಎಂದಳು. ಕಲೈವಾಣಿ ಮತ್ತೆ ಬಾಯಿ ತೆರೆಯಲಿಲ್ಲ.

ಪುಷ್ಪಾ ಹೊಲಿಗೆ ಯೂನಿಟ್ಟಿನ ಕೆಲಸಕ್ಕೆ ಸೇರಿ, ಎರಡು ವರ್ಷದ ಮಗಳು ಭುವನಾಳನ್ನು ಹಗಲೆಲ್ಲ ತಾಯಿಯ ಮನೆಯಲ್ಲಿ ಬಿಡತೊಡಗಿದ ಮೇಲೆ ಮನೆಯ ಸದ್ದೇ ಬೇರೆಯಾಯಿತು. ಮಗುವಿನ ಜೊತೆ ರಂಗನಾಯಕಿಯ ಬಾಯಲ್ಲಿ ಬರುತ್ತಿದ್ದುದು ಕನ್ನಡ ಒಂದೇ. ಅಲ್ಲಿ ಸೊಸೆ ಇದ್ದರೂ ಮಾತು ಬದಲಾಗುತ್ತಿರಲಿಲ್ಲ. ಮಗು ಬೆರಳು ತೋರಿಸಿದ ಕಡೆ ಅಜ್ಜಿ ನೋಡುತ್ತಿದ್ದಳು. "ಕಾಗೆ. ಕಾಗೆ ಬಂತು. ಏನ್ ಬಂತು?" ಎಂದು ಕೇಳಿ, ಮಗು "ಕಾಗೆ" ಎನ್ನುವವರೆಗೂ ಕಾಯುತ್ತಿದ್ದಳು. "ಓ, ಕಾಗೆಗೆ ಅಸಿವಾ?" ಎಂದು ಮಾತು ಮುಂದುವರಿಸುತ್ತಿದ್ದಳು. ಪಕ್ಕದಲ್ಲಿ ರಾಟೆ ತಿರುಗಿಸುತ್ತ ಕೂತ ಕಲೈವಾಣಿ ಮನಸ್ಸಿನಲ್ಲೇ ಕಾಗೆ ಎಂದುಕೊಳ್ಳುತ್ತಿದ್ದಳು. ಕ್ರಮೇಣ ಬಾಯಿಬಿಟ್ಟೂ ಅಂದಳು. ತಪ್ಪಿದರೆ ಮಗು ಅವಳ ಗಲ್ಲ ಹಿಡಿದು, "ಅಂಗಲ್ಲ!" ಎಂದು ತಿದ್ದುತ್ತಿತ್ತು. ಮಗುವಿನ ಎದುರು ಅವಳಿಗೆ ನಾಚಿಕೆಯಾಗುತ್ತಿರಲಿಲ್ಲ. ರೇಷ್ಮೆ ಎಳೆ ಬೆರಳಿನ ನಡುವೆ ಹರಿಯುವಾಗ ಎಲ್ಲಾದರೂ ತೊಡಕಿದರೆ ರಂಗನಾಯಕಿ ಸೊಸೆಯ ಬೆರಳನ್ನೇ ಹಿಡಿದು ಅಲ್ಲಿಗೆ ಒತ್ತಿ, "ಗಂಟು. ಸಿಕ್ತಾ? ಗಂಟು" ಎನ್ನುತ್ತಿದ್ದಳು. ಭುವನಾಗೆ ಹೇಳಿದಂತೆಯೇ ಅವಳಿಗೂ ಹೇಳುತ್ತಿದ್ದಳು. ಹೀಗೆ ಬಂದ ಮಾತು ಮರೆಯಲಿಲ್ಲ.

ಆದರೆ ಅರ್ಧಂಬರ್ಧ ತಿಳಿದದ್ದರಿಂದ ಹೆದರಿಕೆ ಹೆಚ್ಚಾಯಿತು. ಮೊದಲೆಲ್ಲ ಪಿಸುಮಾತು ಬರಿಯ ಸದ್ದಾಗಿತ್ತು. ಈಗ ಅದರೊಳಗಿಂದ ಒಂದೊಂದು ಪದ ಹೊರಬಂದು ಚುಚ್ಚುತ್ತಿತ್ತು. "ಕಲೈಗೆ ಏಳ್ಬ್ಯಾಡ." ಮಣ್ಣು ಮುಟ್ಟಬ್ಯಾಡ, ಅಳಬ್ಯಾಡ ಎಂದು ಮಗುವಿಗೆ ದಿನವೂ ಹೇಳುವುದನ್ನು ಕೇಳಿದ್ದರಿಂದ ಅದು ತನಗೆ ಹೇಳಬೇಡ ಎಂಬ ಮಾತೆಂದು ಅವಳಿಗೆ ಗೊತ್ತಾಯಿತು. ಇನ್ನೊಂದು ದಿನ ಪುಷ್ಪಾ ಗಟ್ಟಿಯಾಗಿ, "ತೆಗೆಸಲೇಬೇಕು" ಎಂದಳು. ಮಗು ಬಾಯಿಗೆ ಹಾಕಿಕೊಂಡ ಅಂಗಿಯ ಗುಂಡಿಯನ್ನು 'ತೆಗಿ, ತೆಗಿ' ಎಂದು ತೆಗೆಸಿದ್ದನ್ನು ಅವಳು ಕಂಡಿದ್ದಳು. ಯಾರನ್ನು ತೆಗೆಸಬೇಕು? ತನ್ನನ್ನೇ? ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಿಲ್ಲ. ಅಶ್ವತ್ಥ್‌ನನ್ನು ಕೇಳಿದರೆ, ಹುಚ್ಚಾ ನಿನಗೆ ಎಂದು ನಕ್ಕುಬಿಟ್ಟ. ಅವನ ನಗುವೂ ಅವಳಿಗೆ ನಂಬುವಂಥದ್ದೆನಿಸಲಿಲ್ಲ. ತಟ್ಟೆಯಲ್ಲಿನ ಅನ್ನ ಬಿಟ್ಟು ಏಳತೊಡಗಿದಳು. ಬೀದಿಯಲ್ಲಿ ಆಟೋ ನಿಂತರೆ, ಕರೆದೊಯ್ಯಲು ತವರಿನವರನ್ನೇ ಕರೆಸಿದರೇನೋ ಎಂದು ಬೆಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಮಗುವನ್ನು ಕರೆದೊಯ್ಯಲು ಬೇಗನೆ ಬಂದ ಪುಷ್ಪಾ ತಾಯಿಯೊಂದಿಗೆ ಅಡುಗೆಮನೆ ಸೇರಿದಳು. ಮಲಗಿದ್ದ ಭುವನಾಳ ಪಕ್ಕದಲ್ಲಿ ಕಲೈವಾಣಿ ನೂಲು ಸುತ್ತುತ್ತಿದ್ದಳು. ರಾಟೆ ನಿಲ್ಲಿಸಿದಳು. ಒಳಗಿನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಗಂಟು ದೊಡ್ಡದಾಗೈತೆ ಕಣೇ. ಕೈ ಇಟ್ರೆ ಸಿಗ್ತೈತೆ."

"ಅಮ್ಮಾ, ಆಸ್ಪತ್ರೆಗೆ ಓಗಾಣ ಬಾ. ನಿನ್ ಕಾಲಿಗ್ ಬೀಳ್ತೀನಿ."

"ಬ್ಯಾಡ. ಕುಯ್ದಾಕ್ತಾರೆ. ಅಶ್ವತ್ಥ್‌ಗೆ ಏಳ್ಬ್ಯಾಡ. ಕಲೈಗೂ ಬ್ಯಾಡ, ಅವ್ಳು ಅವನ್ಗೆ ಏಳ್ಬುಡ್ತಾಳೆ."

ಗಂಟು ಎಂದರೆ ಎಳೆಯಲ್ಲಿ ಬರುವುದು. ಅದು ಹೇಗೆ ದೊಡ್ಡದಾಗುತ್ತದೆ? ಕಲೈವಾಣಿ ಬಾಗಿಲ ಸಂದಿಯಿಂದ ನೋಡಿದಳು. ಅತ್ತೆಯ ಬಲಗೈ ರವಿಕೆಯೊಳಗೆ, ಎಡಗಡೆ, ಕಂಕುಳ ಹತ್ತಿರ ಇತ್ತು. ಇಷ್ಟು ದಿನದ ಹೆದರಿಕೆ ಒಂದೇ ಕ್ಷಣದಲ್ಲಿ ಸುಳ್ಳಾಯಿತು, ಅದರ ಜಾಗದಲ್ಲಿ ಅದಕ್ಕಿಂತ ದೊಡ್ಡದು ಬಂದು ಕೂತಿತು. ಕಲೈವಾಣಿಯ ದೊಡ್ಡಮ್ಮ ಹೀಗೆಯೇ ಎದೆಯ ಗಡ್ಡೆಯನ್ನು ಮುಚ್ಚಿಟ್ಟು, ಅದು ಒಡೆದು ಕೀವಾದ ಮೇಲೆ ಹೇಳಿದ್ದಳು. ಆ ಮನೆಯ ವಾಸನೆ ಅವಳಿಗೆ ನೆನಪಾಯಿತು.

ಮರುದಿನ ಬೆಳಿಗ್ಗೆ ಮಗ್ಗದ ಬಳಿ ಹೋಗಿ ತಮಿಳಿನಲ್ಲೇ ಕೇಳಿದಳು, ಮೈಗೆ ಹುಷಾರಿಲ್ಲವೇ ಎಂದು. "ಒನ್ನುಮಿಲ್ಲೆ ಮಾ" ಎಂದು ರಂಗನಾಯಕಿ ತಲೆಯೆತ್ತದೆ ಲಾಳಿ ಎಸೆದಳು. ಏನೂ ಇಲ್ಲ. ತಮಿಳಿನಲ್ಲಿ ಆ ಬಾಗಿಲು ಯಾವಾಗಲೂ ಮುಚ್ಚಿಯೇ ಇತ್ತು. ಕಲೈವಾಣಿ ನೆಲದ ಮೇಲೆ ಕೂತಳು. ಮಾತು ಹುಡುಕುತ್ತ, ತೊದಲುತ್ತ ಹೇಳಿದಳು:

"ಅತ್ತೆ... ಗಂಟು. ನಂಗೆ ಗೊತ್ತು. ಮುಚ್ಚಬ್ಯಾಡ. ನಂಗೆ ಭಯ ಐತೆ."

ಲಾಳಿ ಕೈಯಲ್ಲೇ ಉಳಿಯಿತು. ರಂಗನಾಯಕಿಯ ಮುಖ ಬಿಳಿಚಿಕೊಂಡಿತು.

"ಯಾರ್ ಏಳಿದ್ದು? ಪುಷ್ಪಾನಾ?"

"ಯಾರೂ ಇಲ್ಲ. ಕೇಳ್ತು."

"ಯಾವಾಗ್ನಿಂದ ತಿಳೀತೈತೆ ನಿನ್ಗೆ ನಮ್ ಮಾತು? ಏನೇನ್ ಕೇಳಿಸ್ಕಂಡಿದ್ದೀಯಾ?" ಅತ್ತೆಯ ದನಿಯಲ್ಲೂ ಈಗ ಹೆದರಿಕೆ ಇತ್ತು. ಮೊದಮೊದಲು ಈ ಹುಡುಗಿಯ ಬಗ್ಗೆ ಆಡಬಾರದ್ದನ್ನು ಆಡಿದ್ದು ನೆನಪಾಗಿರಬೇಕು.

ಕಲೈವಾಣಿ ಕನ್ನಡ ಸಾಲದೆ ತಮಿಳು ಸೇರಿಸಿ ಎಲ್ಲವನ್ನೂ ಹೇಳಿದಳು: 'ಏಳ್ಬ್ಯಾಡ' ಕೇಳಿದ್ದು, 'ತೆಗೆಸಬೇಕು' ಕೇಳಿದ್ದು, ತನ್ನನ್ನೇ ತೆಗೆಯುತ್ತಾರೆಂದು ಅನ್ನ ಬಿಟ್ಟದ್ದು. ರಂಗನಾಯಕಿ ಲಾಳಿಯನ್ನು ಬದಿಗಿಟ್ಟಳು. ಆಮೇಲೆ ಗುಂಡಿಯಿಂದ ಮೇಲೆ ಬಂದು ಸೊಸೆಯ ಕೈ ಹಿಡಿದು, "ನಿನ್ನನ್ಯಾಕೆ ತೆಗೀಲಿ, ಪೈತ್ಯಕಾರಿ" ಎಂದಳು. ಹುಚ್ಚಿ ಎನ್ನುವ ಆ ಒಂದು ಪದ ತಮಿಳಿನಲ್ಲೇ ಬಂತು.

ಅತ್ತೆ ಆಸ್ಪತ್ರೆಗೆ ಬರಲು ಒಪ್ಪಿದಳು; ಅಂದೇ ಅಶ್ವತ್ಥ್‌ಗೂ ವಿಷಯ ತಿಳಿಯಿತು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ತಮಿಳಿನಲ್ಲಿ ಕೇಳುತ್ತ ಹೋದರು. ಜೀವಮಾನವಿಡೀ ಸಂತೆಯಲ್ಲಿ, ನೇಕಾರರ ಸೊಸೈಟಿಯಲ್ಲಿ ತಮಿಳು ಆಡಿದ್ದ ರಂಗನಾಯಕಿಗೆ ಆ ಕುರ್ಚಿಯ ಮೇಲೆ ಕೂತಾಗ ಒಂದು ಪದವೂ ಹೊರಡಲಿಲ್ಲ. ಕಲೈವಾಣಿಯ ಕಿವಿಯಲ್ಲಿ, "ಕೈ ಜೋಮು ಇಡೀತೈತೆ ಅಂತ ಏಳು" ಎಂದಳು. ಜೋಮು ಎಂಬುದು ಕಲೈವಾಣಿಗೆ ಗೊತ್ತಿರಲಿಲ್ಲ. "ಅಂಗಂದ್ರೆ?" ಎಂದಳು. ಅತ್ತೆ ಅವಳ ತೋಳನ್ನು ಬಿಗಿಯಾಗಿ ಅದುಮಿ ಹಿಡಿದು, "ಗುಂಡೀಲಿ ಕೂತು ಕೂತು ಕಾಲು ನಂದಲ್ಲ ಅನ್ನಿಸ್ತೈತಲ್ಲ, ಅಂಗೆ" ಎಂದಳು. ಸೊಸೆ ತಿರುಗಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ಬರೆದುಕೊಂಡು, ಇನ್ನಷ್ಟು ಪರೀಕ್ಷೆ ಆಗಬೇಕೆಂದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ.

ಗಂಟಿಗೆ ಸೂಜಿ ಚುಚ್ಚಿ ತೆಗೆದ ಮಾದರಿಯ ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಭುವನಾ ಒಬ್ಬಳು ಎಲ್ಲದರ ಹೆಸರು ಕೇಳುತ್ತ ಓಡಾಡುತ್ತಿದ್ದಳು. ಫಲಿತಾಂಶ ಒಳ್ಳೆಯದಾಗಿರಲಿಲ್ಲ. ಕ್ಯಾನ್ಸರ್ ಎಂದರು. ಆದರೆ ಬೇರೆ ಕಡೆ ಹರಡಿಲ್ಲ, ತಡಮಾಡದೆ ಆಪರೇಷನ್ ಮಾಡಬಹುದು ಎಂದೂ ಹೇಳಿದರು. ಎಡ ಎದೆ ತೆಗೆದರು. ಇಂಜೆಕ್ಷನ್ನಿಗೆ ಕೂದಲು ಉದುರಿತು. ವಾಂತಿಯಾದಾಗ ಬೆನ್ನು ನೀವುತ್ತ ಕೂತವಳು ಕಲೈವಾಣಿ. ಮಗ್ಗದಲ್ಲಿ ಅರ್ಧ ನೇಯ್ದು ನಿಂತಿದ್ದ ಪಂಚೆಯನ್ನು, ಮಂಚದ ಮೇಲಿನಿಂದಲೇ ಅತ್ತೆ ಹೇಳಿಕೊಟ್ಟಂತೆ, ಅಲ್ಲಲ್ಲಿ ತಪ್ಪುತ್ತ ಅವಳೇ ಮುಗಿಸಿದಳು.

ಈಗ ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗಬೇಕು. ಹೋಗುವ ದಿನ ಇಬ್ಬರಿಗೂ ಇಡ್ಲಿ ಸೇರುವುದಿಲ್ಲ. ಟೌನ್ ಬಸ್ಸಿನಲ್ಲಿ ರಂಗನಾಯಕಿ ಒಂದೇ ಸಮನೆ ಮಾತಾಡುತ್ತಾಳೆ: ಬೀದಿಯವರ ಜಗಳ, ಮಲ್ಲಿಗೆ ಹೂವಿನ ಬೆಲೆ, ಸತ್ತ ಗಂಡನ ಸಿಟ್ಟು. ಎಲ್ಲವೂ ಕನ್ನಡ. ಕಲೈವಾಣಿಗೆ ಕೆಲವು ಪದ ತಿಳಿಯುವುದಿಲ್ಲ, ನಿಲ್ಲಿಸಿ ಕೇಳುತ್ತಾಳೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ ಮಾತು ನಿಲ್ಲುತ್ತದೆ.

ಹೋದ ಸಲ ಹಾಗೆ ಕೂತಿದ್ದಾಗ ಅತ್ತೆ ಅವಳ ಕಡೆ ನೋಡದೆಯೇ, "ಭಯ ಆಯ್ತೈತೆ ಕಣೇ ಕಲೈ" ಎಂದಳು.

"ನಂಗೂ ಅತ್ತೆ" ಎಂದಳು ಕಲೈವಾಣಿ.

ಅಷ್ಟರಲ್ಲಿ ನರ್ಸ್ ಹೆಸರು ಕೂಗಿದಳು. ಇಬ್ಬರೂ ಎದ್ದು ಒಳಗೆ ಹೋದರು.